ನಾಲ್ಕು ಡಿಸ್ಕ್ ಇದ್ದರೆ ರೇಡ್ 5, 6, 10ರಲ್ಲಿ ಯಾವುದು?

ಹಲವು ಡಿಸ್ಕುಗಳನ್ನು ಒಂದೇ ಡಿಸ್ಕಿನಂತೆ ಸೇರಿಸುವ ವಿಧಾನವೇ ರೇಡ್. ಈ ಮೂರು ಬಗೆಯಲ್ಲಿ ಒಂದು ಡಿಸ್ಕ್ ಕೆಟ್ಟರೂ ಡೇಟಾ ಉಳಿಯುತ್ತದೆ. 4 ಟಿಬಿಯ ನಾಲ್ಕು ಡಿಸ್ಕ್ ಹಾಕಿ, ಲಿನಕ್ಸ್‌ನಲ್ಲಿ ರೇಡ್ ಕಟ್ಟುವ ಎಂಡಿಅಡ್ಮ್ (mdadm) ಎಂಬ ಸಾಫ್ಟ್‌ವೇರಿನಲ್ಲಿ ಮೂರನ್ನೂ ಕಟ್ಟಿ ನೋಡಿದೆ. ಫೋಟೊ, ವಿಡಿಯೊ ತುಂಬಿಸಿ ಬೇಕಂತಲೇ ಡಿಸ್ಕ್ ಕಿತ್ತೆ. ನಿಜವಾದ ವ್ಯತ್ಯಾಸ ಕಾಣುವುದು ಆಗಲೇ.

ಜಾಗದ ಲೆಕ್ಕ ಸುಲಭ. ರೇಡ್ 5ರಲ್ಲಿ ಒಂದು ಡಿಸ್ಕಿನಷ್ಟು ಜಾಗ ಪ್ಯಾರಿಟಿಗೆ, ಅಂದರೆ ಹೋದ ಡೇಟಾವನ್ನು ಮತ್ತೆ ಲೆಕ್ಕಹಾಕಿ ಪಡೆಯಲು ಇಡುವ ಮಾಹಿತಿಗೆ ಹೋಗಿ 12 ಟಿಬಿ ಸಿಗುತ್ತದೆ. ರೇಡ್ 6ರಲ್ಲಿ ಎರಡರಷ್ಟು ಹೋಗಿ 8. ರೇಡ್ 10 ಡಿಸ್ಕುಗಳನ್ನು ಜೋಡಿ ಮಾಡಿ ಎಲ್ಲವನ್ನೂ ಎರಡು ಕಡೆ ಬರೆಯುವುದರಿಂದ ಅಲ್ಲೂ 8. ನಾಲ್ಕರಲ್ಲಿ ಒಂದು 3 ಟಿಬಿಯದಾದರೆ ಉಳಿದವನ್ನೂ 3 ಎಂದೇ ಹಿಡಿಯಬೇಕು. ವಿಂಡೋಸ್‌ನಲ್ಲಿ 12ರ ಬದಲು 10.9 ಕಂಡರೆ ಗಾಬರಿ ಬೇಡ. ಡಿಸ್ಕ್ ತಯಾರಿಸುವವರು 1000ದ ಲೆಕ್ಕ ಹಿಡಿಯುತ್ತಾರೆ, ವಿಂಡೋಸ್ 1024ರದ್ದು.

ರೇಡ್ 5ರಲ್ಲಿ ಒಂದು ಡಿಸ್ಕ್ ಕಿತ್ತರೂ ಫೈಲುಗಳೆಲ್ಲ ತೆರೆದುಕೊಂಡವು. ಹೊಸ ಡಿಸ್ಕ್ ಹಾಕಿದ ಮೇಲೆ ಶುರುವಾಗುವ ರೀಬಿಲ್ಡ್, ಅಂದರೆ ಹೋದ ಡೇಟಾವನ್ನು ಅದರಲ್ಲಿ ಮತ್ತೆ ಕಟ್ಟುವ ಕೆಲಸ, ನನಗೆ ಹಿಡಿಸಲಿಲ್ಲ. ಉಳಿದ ಮೂರೂ ಡಿಸ್ಕನ್ನು ಮೊದಲಿಂದ ಕೊನೆವರೆಗೆ ಓದಲೇಬೇಕು. ಸೆಕೆಂಡಿಗೆ 150 ಎಂಬಿ ವೇಗ ಸಿಕ್ಕರೂ 4 ಟಿಬಿಗೆ 7 ಗಂಟೆ ದಾಟುತ್ತದೆ, ಮಧ್ಯೆ ಯಾರಾದರೂ ಬಳಸಿದರೆ ಇನ್ನೂ ಜಾಸ್ತಿ. ಅಷ್ಟು ಹೊತ್ತು ಇನ್ನೊಂದು ಡಿಸ್ಕ್ ಕೈಕೊಟ್ಟರೆ ಎಲ್ಲವೂ ಹೋಯಿತು. ಒಟ್ಟಿಗೆ ಕೊಂಡ ಡಿಸ್ಕುಗಳು ಒಟ್ಟಿಗೇ ಹಳತಾಗುತ್ತವೆ, ಅಲ್ವಾ? ಜಾಸ್ತಿ ಸಿಗುವ 4 ಟಿಬಿಗಾಗಿ ಆ ಭಯ ನನಗೆ ಬೇಡ.

ಹಾಗಾಗಿ ಉಳಿದದ್ದು 8 ಟಿಬಿ ಕೊಡುವ ರೇಡ್ 6 ಮತ್ತು 10. ರೇಡ್ 10ರ ರೀಬಿಲ್ಡ್ ತುಂಬಾ ಹಗುರ, ಹೋದ ಡಿಸ್ಕಿನ ಜೋಡಿಯೊಂದನ್ನು ಓದಿದರೆ ಸಾಕು. ಸ್ವಲ್ಪ ಸ್ವಲ್ಪವೇ ಡೇಟಾ ಬರೆಯುವಾಗಲೂ ಅದೇ ಚುರುಕು. ಅಲ್ಲಿ ಎರಡು ಡಿಸ್ಕಿಗೆ ಬರೆದರೆ ಮುಗಿಯಿತು. ರೇಡ್ 6 ಸಾಮಾನ್ಯವಾಗಿ ಹಳೆಯ ಡೇಟಾ ಮತ್ತು ಎರಡು ಪ್ಯಾರಿಟಿಯನ್ನು ಓದಿ, ಮೂರನ್ನೂ ಮತ್ತೆ ಬರೆಯಬೇಕು. ಒಟ್ಟು ಆರು ಕೆಲಸ. ಡೇಟಾಬೇಸ್ ಅಥವಾ ವರ್ಚುವಲ್ ಮಷೀನ್ (ಕಂಪ್ಯೂಟರಿನೊಳಗೆ ಸಾಫ್ಟ್‌ವೇರಿನಲ್ಲೇ ನಡೆಯುವ ಇನ್ನೊಂದು ಕಂಪ್ಯೂಟರ್) ಇಡುವವರು ಕಣ್ಣುಮುಚ್ಚಿ ರೇಡ್ 10 ಹಾಕಿಕೊಳ್ಳಿ.

ಆದರೆ ಎರಡನೇ ಡಿಸ್ಕ್ ಹೋದಾಗ? ರೇಡ್ 10ರಲ್ಲಿ ಉಳಿದ ಮೂರರಲ್ಲಿ ಒಂದು, ಹೋದದ್ದರ ಜೋಡಿ. ಅದನ್ನೇ ಕಿತ್ತಾಗ ಡೇಟಾ ಓದಲು ಆಗಲೇ ಇಲ್ಲ. ರೇಡ್ 6ರಲ್ಲಿ ಯಾವ ಎರಡನ್ನು ಕಿತ್ತರೂ ಫೈಲುಗಳ ಚೆಕ್‌ಸಮ್ (ಫೈಲ್ ಬದಲಾಗಿಲ್ಲ ಎಂದು ತೋರಿಸುವ ಸಂಖ್ಯೆ) ಸರಿಯಾಗೇ ಬಂತು. ದೊಡ್ಡ ವಿಡಿಯೊ ಕಾಪಿ ಮಾಡುವಾಗ ನಿಧಾನ ಅನ್ನಿಸಲೂ ಇಲ್ಲ. ಮನೆಯ ಗಿಗಾಬಿಟ್ ನೆಟ್‌ವರ್ಕ್ ಸೆಕೆಂಡಿಗೆ 110 ಎಂಬಿ ಆಸುಪಾಸಿನಲ್ಲೇ ನಿಲ್ಲುತ್ತದೆ, ಡಿಸ್ಕುಗಳ ವೇಗ ಅದಕ್ಕಿಂತ ಮೇಲೇ ಇದೆ. ಐದನೇ ಡಿಸ್ಕ್ ಸೇರಿಸಿದರೆ 12 ಟಿಬಿಯೂ ಆಗುತ್ತದೆ. ಫೋಟೊಗಳಿಗೆ ನಾನು ರೇಡ್ 6 ಅನ್ನೇ ಉಳಿಸಿಕೊಂಡೆ.

ಯಾವ ರೇಡ್ ಆದರೂ, ಅಳಿಸಿದ ಫೈಲ್ ಎಲ್ಲ ಡಿಸ್ಕಿನಿಂದಲೂ ಆ ಕ್ಷಣವೇ ಹೋಗುತ್ತದೆ, ಹಾಗಾಗಿ ಬ್ಯಾಕಪ್ ಬೇರೆಯೇ ಬೇಕು. ನಾಲ್ಕು ಡಿಸ್ಕಿಗೆ ದುಡ್ಡು ಸಾಲದಿದ್ದರೆ ಎರಡರಲ್ಲಿ ರೇಡ್ 1 (ಎರಡರಲ್ಲೂ ಅದೇ ಡೇಟಾ) ಮಾಡಿ, ಮೂರನೆಯದನ್ನು ಬ್ಯಾಕಪ್‌ಗೆ ಹೊರಗಿಡಿ.