ವಾರ್ಸಾದ ಹಳೆಯ ಪಟ್ಟಣ: ಅರಮನೆಯಿಂದಲೇ ಶುರುಮಾಡಿ

ಪೋಲೆಂಡಿನ ರಾಜಧಾನಿಗೆ ಹೋದವರಲ್ಲಿ ಅನೇಕರು ಮಾರುಕಟ್ಟೆ ಚೌಕಕ್ಕೆ ನೇರವಾಗಿ ನಡೆದು, ಮತ್ಸ್ಯಕನ್ಯೆಯ ಪ್ರತಿಮೆಯ ಮುಂದೆ ಫೋಟೊ ತೆಗೆಸಿಕೊಂಡು ಹಿಂದಿರುಗುತ್ತಾರೆ. ಹಾಗೆ ಮಾಡದೆ ಮೊದಲು ಅರಮನೆಯ ಟಿಕೆಟ್ ಕೊಳ್ಳಿ ಎಂಬುದು ನನ್ನ ಸಲಹೆ. ದೊರೆ ಸ್ತಾನಿಸ್ವಾವ್ ಆಗಸ್ಟನಿಗಾಗಿ ಕನಲೆತ್ತೊ ಎಂಬ ಹೆಸರಿನಿಂದಲೂ ಪರಿಚಿತನಾದ ಇಟಲಿಯ ಚಿತ್ರಕಾರ ಬರ್ನಾರ್ದೊ ಬೆಲ್ಲೊತ್ತೊ 1770ರ ದಶಕದಲ್ಲಿ ಬರೆದ ವಾರ್ಸಾದ ದೃಶ್ಯಗಳು ಅಲ್ಲಿನ ಕನಲೆತ್ತೊ ಕೋಣೆಯ ಗೋಡೆಗಳನ್ನು ತುಂಬಿವೆ. ಹತ್ತಿರ ನಿಂತು ನೋಡಿದರೆ ಕಿಟಕಿಯ ಅಂಚುಗಳು, ಮಾಡಿನ ಇಳಿಜಾರು, ಬೀದಿಯಲ್ಲಿ ನಿಂತ ಗಾಡಿಗಳವರೆಗೂ ಎಲ್ಲವೂ ಸ್ಪಷ್ಟವಾಗಿ ಕಾಣುತ್ತವೆ.

ಎರಡನೇ ಮಹಾಯುದ್ಧದಲ್ಲಿ ತನ್ನ ಆಕ್ರಮಣದ ವಿರುದ್ಧ ವಾರ್ಸಾದ ಜನ ಎದ್ದ 1944ರ ದಂಗೆಯನ್ನು 63 ದಿನಗಳಲ್ಲಿ ಹತ್ತಿಕ್ಕಿದ ಜರ್ಮನ್ ಸೇನೆ, ನಗರದ ಐತಿಹಾಸಿಕ ಭಾಗದ ಶೇಕಡಾ 85ಕ್ಕೂ ಹೆಚ್ಚನ್ನು ನೆಲಸಮ ಮಾಡಿತ್ತು. ಯುದ್ಧ ಮುಗಿದ ಮೇಲೆ ವಾಸ್ತುಶಿಲ್ಪಿಗಳು ಉಳಿದಿದ್ದ ಅಳತೆಯ ನಕ್ಷೆಗಳ ಜೊತೆಗೆ ಈ ಚಿತ್ರಗಳನ್ನೂ ಆಧಾರವಾಗಿಟ್ಟುಕೊಂಡು ಬೀದಿಗಳನ್ನು ಮತ್ತೆ ಎಬ್ಬಿಸಿದರು. ಚೌಕ 1953ಕ್ಕೆ ಸಿದ್ಧವಾಯಿತು. ಆದರೆ ಅರಮನೆಯ ಪುನರ್ನಿರ್ಮಾಣದ ತೀರ್ಮಾನ ಬಂದದ್ದು 1971ರಲ್ಲಿ, ಕೆಲಸ ನಡೆದದ್ದೂ ಬಹುಮಟ್ಟಿಗೆ ಜನರ ದೇಣಿಗೆಯಿಂದ. ಇದು ನಕಲಿ ಊರು ಎಂದು ಮೂಗು ಮುರಿಯುವವರಿದ್ದಾರೆ. ನಾನು ಅದನ್ನು ಒಪ್ಪುವುದಿಲ್ಲ. ಕಳೆದುಕೊಂಡದ್ದನ್ನು ಹಠದಿಂದ ಮರಳಿ ಪಡೆದ ಜನರ ಕೆಲಸವೇ ಇಲ್ಲಿ ನೋಡಬೇಕಾದ ಐತಿಹಾಸಿಕ ವಸ್ತು. 1980ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ್ದೂ ಆ ಕೆಲಸಕ್ಕಾಗಿಯೇ.

ಹಾನಿಯ ಗುರುತುಗಳನ್ನು ಹುಡುಕಿಕೊಂಡು ಹೋಗಬೇಕು. ಅರಮನೆಯ ಎದುರಿನ ಸಿಗಿಸ್ಮಂಡ್ ಸ್ತಂಭದ ಮೇಲಿನ, ಅದೇ ಹೆಸರಿನ ದೊರೆಯ ಪ್ರತಿಮೆ 1949ರಲ್ಲಿ ಹೊಸ ಕಂಬವೇರಿತು, ಆದರೆ 1944ರಲ್ಲಿ ಉರುಳಿದ ಹಳೆಯ ಕಂಬದ ತುಂಡುಗಳು ಅರಮನೆಯ ಗೋಡೆಯ ಪಕ್ಕದಲ್ಲಿ ಇಂದಿಗೂ ಬಿದ್ದಿವೆ. ಸಂತ ಯೋಹಾನನ ಕ್ಯಾಥೆಡ್ರಲ್‌ನ ಹೊರಗೋಡೆಯಲ್ಲಿ ಜರ್ಮನ್ ಸ್ಫೋಟಕ ವಾಹನವೊಂದರ, ಟ್ಯಾಂಕಿನ ಚಕ್ರಗಳ ಸುತ್ತ ಇರುವಂಥ ಉಕ್ಕಿನ ಸರಪಳಿಯ ತುಂಡನ್ನು ಹುದುಗಿಸಿದ್ದಾರೆ. ಕಿರಿದಾದ ಓಣಿಯಾದ್ದರಿಂದ ಅದನ್ನು ಗಮನಿಸದೆ ದಾಟಿಹೋಗುವುದು ಸುಲಭ. 

ಚೌಕದ ಹೋಟೆಲುಗಳಲ್ಲಿ ಬೆಲೆ ಹೆಚ್ಚು. ಸಸ್ಯಾಹಾರಿಗಳಿಗೆ ಆಲೂಗಡ್ಡೆ ಮತ್ತು ಚೀಸ್ ತುಂಬಿದ, ಕಡುಬಿನಂಥ ಪಿಯೆರೋಗಿ ಸರಿಹೊಂದುತ್ತದೆ, ಆದರೆ ಮೇಲೆ ಹಂದಿ ಕೊಬ್ಬಿನ ಚೂರು ಉದುರಿಸುವ ರೂಢಿಯಿರುವುದರಿಂದ ಬೇಡವೆಂದು ಮೊದಲೇ ಹೇಳಬೇಕು.

ಸಮಯ ಕಡಿಮೆಯಿದ್ದರೆ ಅಂಗಡಿಗಳನ್ನು ಬಿಟ್ಟು ಬ್ಝೊಜೊವಾ ಬೀದಿಯ ಪರಂಪರೆ ವಿವರಣಾ ಕೇಂದ್ರಕ್ಕೆ ಹೋಗಿ. ಜಾಗ ಚಿಕ್ಕದಾದರೂ ಅವಶೇಷಗಳ ರಾಶಿಯಿಂದ ಬೀದಿಗಳು ಹೇಗೆ ಎದ್ದವೆಂಬುದನ್ನು ಫೋಟೊಗಳ ಸಮೇತ ತಿಳಿಸುವ ಕಾರಣ, ಅರಮನೆಯ ನಂತರದ ಸ್ಥಾನವನ್ನು ನಾನು ಅದಕ್ಕೇ ಕೊಡುತ್ತೇನೆ.