ಬಚ್ಚಲು ಮನೆಯೊಳಗೆ ಗ್ಯಾಸ್ ಗೀಸರ್ ಹಾಕಿಸಬೇಡಿ, ದಯವಿಟ್ಟು

ಈ ಸಲದ ಆಟಿ ಹದಿನೆಂಟರ (ಆಗಸ್ಟ್ 3) ಸಂಜೆ ನಮ್ಮ ಮನೆಯಲ್ಲಿ ಒಂದು ಜೀವ ಹೋಗಿಬಿಡುತ್ತಿತ್ತು. ಸ್ವಲ್ಪದರಲ್ಲಿ ಉಳಿಯಿತು. ಬರೆಯಬೇಕೋ ಬೇಡವೋ ಅಂತ ಮೂರು ವಾರ ಯೋಚನೆ ಮಾಡಿದೆ. ಮೊನ್ನೆ ನಮ್ಮ ಕಡೆಯ ಇನ್ನೂ ಮೂರು ಮನೆಗಳಲ್ಲಿ ಇದೇ ಥರ ಗೀಸರ್ ಹಾಕಿದ್ದಾರೆ ಅಂತ ಗೊತ್ತಾಯಿತು. ಅದಕ್ಕೆ ಬರೆಯುತ್ತಿದ್ದೇನೆ.

ನಮ್ಮದು ಕೊಡಗಿನ ಮಾದಾಪುರದ ಹತ್ತಿರ ಹಳೇ ಹೆಂಚಿನ ಮನೆ. ಮೊದಲಿನಿಂದಲೂ ಹಂಡೆ ನೀರೇ. ಸಿಲ್ವರ್ ಓಕ್ ಸೌದೆ, ಕಿತ್ತ ಕಾಫಿ ಗಿಡದ ಬೊಡ್ಡೆ, ಒಲೆ ತುಂಬಾ ಬೆಂಕಿ. ಆದರೆ ಅಮ್ಮನಿಗೆ ಈಗ ಮಂಡಿ ನೋವು, ಕೂತು ಒಲೆ ಊದೋಕೆ ಆಗಲ್ಲ. ಮಳೆಗಾಲದಲ್ಲಿ ಸೌದೆಯೂ ಥಂಡಿ ಹಿಡಿದು ಬರೀ ಹೊಗೆ. ಕರೆಂಟ್ ಗೀಸರ್ ಹಾಕೋಣ ಅಂದರೆ ಜೂನ್ ಶುರುವಾದರೆ ಲೈನ್ ಮೇಲೆ ಮರ ಬಿದ್ದು ಮೂರು ಮೂರು ದಿನ ಕರೆಂಟ್ ಇರಲ್ಲ. ಸೋಲಾರ್‌ಗೆ ಆ ಮೂರು ತಿಂಗಳು ಬಿಸಿಲೇ ಇಲ್ಲ. ಗ್ಯಾಸ್ ಗೀಸರ್ ಆದರೆ ಎರಡು ದಪ್ಪ ಬ್ಯಾಟರಿ ಹಾಕಿದರೆ ಸಾಕು, ನಲ್ಲಿ ತಿರುಗಿಸಿದ ಕೂಡಲೇ ಹೊತ್ತಿಕೊಳ್ಳುತ್ತೆ. ಕೊಡಗಿನಲ್ಲಿ ಇಷ್ಟು ಜನ ಇದನ್ನೇ ಹಾಕಿಸೋದು ಸುಮ್ನೆ ಅಲ್ಲ.

ಮೇ ತಿಂಗಳಲ್ಲಿ ಹಾಕಿಸಿದೆವು. ಹಾರ್ಡ್‌ವೇರ್ ಅಂಗಡಿಯವರು ಹೇಳಿದ ಪ್ಲಂಬರ್ ಬಂದ. ಹಿಂದಿನ ಜಗಲಿಯಲ್ಲಿ ಹಾಕಬಹುದಾ ಅಂತ ನಾನು ಕೇಳಿದ್ದೆ, ಅದು ನನಗೆ ಚೆನ್ನಾಗಿ ನೆನಪಿದೆ. "ಹೊರಗೆ ಹಾಕಿದ್ರೆ ಪೈಪ್ ಜಾಸ್ತಿ ಬೇಕು ಸಾರ್, ಬಚ್ಚಲಿಗೆ ಬರೋಷ್ಟರಲ್ಲಿ ನೀರು ಆರಿ ಹೋಗುತ್ತೆ. ಒಳಗೇ ಹಾಕ್ತೀನಿ, ಏನೂ ಆಗಲ್ಲ" ಅಂದ. ಅರ್ಧ ದಿನದಲ್ಲಿ ಕೆಲಸ ಮುಗಿಸಿ, ದುಡ್ಡು ತಗೊಂಡು ಹೋದ.

ನಮ್ಮ ಬಚ್ಚಲು ಐದಡಿಗೆ ಏಳಡಿ. ಮೇಲೆ ಗಾಜಿನ ಪಟ್ಟಿಯ ಒಂದು ಸಣ್ಣ ವೆಂಟಿಲೇಟರ್. ಜುಲೈ ಮಳೆಗೆ ಅಲ್ಲಿಂದ ಎರಚಲು ಹೊಡೆದು ಒಳಗೆಲ್ಲ ನೀರು. ಕಾಫಿ ಒಣಗಿಸುವ ಟಾರ್ಪಾಲಿನ ಒಂದು ತುಂಡು ಕತ್ತರಿಸಿ ನಾನೇ ಅದಕ್ಕೆ ಹೊಡೆದೆ, ನಾಲ್ಕು ಮೊಳೆ. ಆ ಮೊಳೆ ಹೊಡೆದ ಕೈ ನನ್ನದು. ಆದರೆ ಗಾಳಿ ಆಡಲೇಬೇಕು ಅಂತ ಒಂದು ಮಾತು ಯಾರಾದರೂ ಹೇಳಿದ್ದರೆ ಹೊಡೆಯುತ್ತಿರಲಿಲ್ಲ.

ಸೂಚನೆಗಳು ಇದ್ದವು. ಸ್ನಾನ ಆದಮೇಲೆ ತಲೆ ಭಾರ, ವಾಕರಿಕೆ ಅಂತ ಅಮ್ಮ ಎರಡು ವಾರದಿಂದ ಹೇಳುತ್ತಿದ್ದರು. ಥಂಡಿ ಅಂದುಕೊಂಡು ಕಷಾಯ ಮಾಡಿ ಕುಡಿದರು. ಗೀಸರಿನ ಸಣ್ಣ ಕಿಂಡಿಯಲ್ಲಿ ಕಾಣುವ ಬೆಂಕಿ ಮೊದಲು ನೀಲಿ ಇತ್ತು, ಆಮೇಲೆ ಹಳದಿಗೆ ತಿರುಗಿತ್ತು. ಮೇಲ್ಗಡೆ ತಗಡಿಗೆ ಕಪ್ಪು ಮಸಿ ಹಿಡಿದಿತ್ತು. ಒಂದು ಭಾನುವಾರ ಒದ್ದೆ ಬಟ್ಟೆಯಲ್ಲಿ ಆ ಮಸಿ ಒರೆಸಿ, ಫಳಫಳ ಮಾಡಿ, ಸುಮ್ಮನಾದೆ. ಆ ಬಟ್ಟೆ ನೆನಪಾದರೆ ಈಗಲೂ ಹೊಟ್ಟೆಯಲ್ಲಿ ಸಂಕಟ ಆಗುತ್ತೆ.

ಆಗಸ್ಟ್ 3, ಆಟಿ ಹದಿನೆಂಟು. ಆ ದಿನ ಮಾಡುವ ಮದ್ದು ಸೊಪ್ಪಿನ ಪಾಯಸ ತಿನ್ನೋಕೆ ಅಂತ ತಂಗಿ ಮಗಳು ಮೈಸೂರಿನಿಂದ ಬಂದಿದ್ದಳು. ಕರೆಂಟ್ ಹೋಗಿ ಎರಡನೇ ದಿನ. ಸಂಜೆ ಮೊದಲು ಅಮ್ಮ ಸ್ನಾನ ಮಾಡಿ ಬಂದರು, ಹಿಂದೆಯೇ ಇವಳು ತಲೆಗೆ ನೀರು ಹಾಕಿಕೊಳ್ಳೋಕೆ ಹೋದಳು. ಕಾಲು ಗಂಟೆ ಆಯಿತು, ಇಪ್ಪತ್ತು ನಿಮಿಷ ಆಯಿತು. ನೀರು ಬೀಳುವ ಸದ್ದು ಕೇಳುತ್ತಲೇ ಇತ್ತು. ಅದೇ ನಮಗೆ ಮೋಸ ಮಾಡಿದ್ದು, ಸ್ನಾನ ಮಾಡುತ್ತಿದ್ದಾಳೆ ಅಂದುಕೊಂಡೆವು. ಆದರೆ ಅಮ್ಮನಿಗೆ ಆ ಸದ್ದು ಯಾಕೋ ಸರಿ ಅನ್ನಿಸಲಿಲ್ಲ. ಒಂದೇ ಸಮ ಬೀಳುತ್ತಿದೆ, ಮಧ್ಯೆ ಚೊಂಬಿನ ಸದ್ದೇ ಇಲ್ಲ ಅಂದರು. ಕರೆದರೆ ಉತ್ತರ ಇಲ್ಲ.

ಎರಡು ಸಲ ಭುಜ ಕೊಟ್ಟಮೇಲೆ ಚಿಲಕ ಕಿತ್ತು ಬಂತು. ಬಾಗಿಲಿನ ಪಕ್ಕದಲ್ಲೇ ಬಿದ್ದಿದ್ದಳು, ಬಕೆಟ್ ತುಂಬಿ ಚೆಲ್ಲುತ್ತಿತ್ತು, ಗೀಸರ್ ಉರಿಯುತ್ತಲೇ ಇತ್ತು. ಅಮ್ಮ ಬೆಡ್‌ಶೀಟ್ ಸುತ್ತಿದರು, ನಾನು ಎಳೆದು ಜಗಲಿಗೆ ತಂದೆ. ಆ ಎರಡು ಮೂರು ನಿಮಿಷಕ್ಕೇ ನನಗೂ ತಲೆ ಸಿಡಿಯತೊಡಗಿತ್ತು. ಒಳಗೆ ಯಾವ ವಾಸನೆಯೂ ಇರಲಿಲ್ಲ, ಸೋಪಿನದ್ದು ಬಿಟ್ಟರೆ.

ಇಲ್ಲಿ ಒಂದು ವಿಷಯ ಗಮನ ಕೊಟ್ಟು ಓದಿ. ಪಕ್ಕದ ತೋಟದ ಅಣ್ಣ ಓಡಿ ಬಂದರು. ಕೊರೋನಾ ಕಾಲದಲ್ಲಿ ತಗೊಂಡಿದ್ದ ಬೆರಳಿನ ಆಕ್ಸಿಮೀಟರ್ ಅವರ ಹತ್ತಿರ ಇತ್ತು. ಹಾಕಿ ನೋಡಿದರೆ 98. "ಆಕ್ಸಿಜನ್ ಸರಿ ಇದೆ, ಸುಸ್ತಾಗಿ ಬಿದ್ದಿರಬೇಕು, ಸಕ್ಕರೆ ನೀರು ಕುಡಿಸಿ" ಅಂದರು. ಅವಳೂ ಸ್ವಲ್ಪ ಕಣ್ಣು ಬಿಟ್ಟಿದ್ದಳು, ಆದರೆ ಮಾತು ತೊದಲುತ್ತಿತ್ತು. ಅಮ್ಮ ಒಪ್ಪಲಿಲ್ಲ, ಹೊರಡಿ ಅಂತ ಹಟ ಹಿಡಿದರು. 108ಕ್ಕೆ ಫೋನ್ ಮಾಡೋಣ ಅಂದರೆ ನೆಟ್‌ವರ್ಕ್ ಇಲ್ಲ. ಅಣ್ಣನ ಜೀಪಿನಲ್ಲೇ ಆ ಮಳೆಯಲ್ಲಿ ಮಡಿಕೇರಿಗೆ ಹೋದೆವು.

ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ, "ಬಾತ್‌ರೂಮ್ ಒಳಗೆ ಗ್ಯಾಸ್ ಗೀಸರ್ ಇದೆಯಾ?"

ಕೂಡಲೇ ಮಾಸ್ಕ್ ಹಾಕಿ ಆಕ್ಸಿಜನ್ ಕೊಟ್ಟರು. ಆಮೇಲೆ ಬಿಡಿಸಿ ಹೇಳಿದರು. ಗ್ಯಾಸ್ ಉರಿಯೋಕೆ ಗಾಳಿ ಬೇಕು. ಈ ಗೀಸರ್ ಅಡುಗೆ ಒಲೆಯ ಒಂದು ಬರ್ನರ್‌ಗಿಂತ ನಾಲ್ಕೈದು ಪಟ್ಟು ಜಾಸ್ತಿ ಉರಿಯುತ್ತೆ. ಮುಚ್ಚಿದ ಬಚ್ಚಲಲ್ಲಿ ಗಾಳಿ ಸಾಲದೆ ಗ್ಯಾಸ್ ಅರೆಬರೆ ಉರಿದು ಕಾರ್ಬನ್ ಮಾನಾಕ್ಸೈಡ್ ಆಗುತ್ತೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತದಲ್ಲಿ ಆಕ್ಸಿಜನ್ ಕೂರುವ ಜಾಗವನ್ನು ಅದು ಹಿಡಿದುಬಿಡುತ್ತೆ, ಆಕ್ಸಿಜನ್‌ಗಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ. ಬೆರಳಿಗೆ ಹಾಕುವ ಆಕ್ಸಿಮೀಟರ್‌ಗೆ ಇವೆರಡರ ವ್ಯತ್ಯಾಸ ಗೊತ್ತಾಗಲ್ಲ, ವಿಷವನ್ನೂ ಆಕ್ಸಿಜನ್ ಅಂತಲೇ ಲೆಕ್ಕ ಹಾಕಿ 98 ತೋರಿಸುತ್ತೆ. ಹಾಗಾಗಿ ಬಚ್ಚಲಲ್ಲಿ ಯಾರಾದರೂ ಹೀಗೆ ಬಿದ್ದರೆ ಆ ನಂಬರ್ ನೋಡಿ ಮನೆಯಲ್ಲೇ ಕೂರಬೇಡಿ. ಮೊದಲು ಹೊರಗಿನ ಗಾಳಿಗೆ ತನ್ನಿ, ಗೀಸರ್ ಆರಿಸಿ, ಎಚ್ಚರ ಆದರೂ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಲೀಕ್ ಆದರೆ ವಾಸನೆ ಬರುತ್ತೆ, ಗೊತ್ತಾಗುತ್ತೆ ಅಂತ ನಾವೆಲ್ಲ ಧೈರ್ಯವಾಗಿದ್ದೆವು. ಸಿಲಿಂಡರ್ ಗ್ಯಾಸಿಗೆ ವಾಸನೆ ಬೇಕು ಅಂತಲೇ ಸೇರಿಸಿರುತ್ತಾರೆ, ನಿಜ. ಆದರೆ ಇದು ಲೀಕ್ ಅಲ್ಲವೇ ಅಲ್ಲ. ಉರಿದ ಗ್ಯಾಸಿನ ವಿಷ.

ಹುಡುಗಿ ಎರಡು ದಿನಕ್ಕೆ ಮನೆಗೆ ಬಂದಳು. ಮುಂದಿನ ವಾರ ಮೈಸೂರಿನಿಂದ ಗೀಸರ್ ಗೊತ್ತಿರುವ ಒಬ್ಬ ಮೆಕ್ಯಾನಿಕ್ ಕರೆಸಿದೆ. ಆತ ಪೆಟ್ಟಿಗೆ ಎಲ್ಲಿ ಅಂತ ಕೇಳಿದ. ಸೌದೆ ಕೊಟ್ಟಿಗೆಯಲ್ಲಿ ಸಿಕ್ಕಿತು. ಒಳಗೆ ಪ್ಲಾಸ್ಟಿಕ್ ಕವರ್ ಕೂಡ ಹರಿಯದ ಪುಸ್ತಕ, ಅದರಲ್ಲಿ ದಪ್ಪ ಅಕ್ಷರದಲ್ಲಿ ಬಚ್ಚಲು ಮನೆಯೊಳಗೆ ಕೂರಿಸಬಾರದು ಅಂತ ಇತ್ತು. ಓದದೇ ಇದ್ದದ್ದು ನನ್ನ ತಪ್ಪು. ಆದರೆ ಇದನ್ನೇ ಕಸುಬು ಮಾಡಿಕೊಂಡವನು ತೆರೆದೂ ನೋಡಿಲ್ಲ ಅಂದರೆ ಹೇಗೆ? ಉಳಿದ ಕೆಲಸವೂ ಹಾಗೇ ಇತ್ತು. ಹೊಗೆ ಹೊರಗೆ ಬಿಡುವ ಪೈಪ್ ಇಲ್ಲ. ಗ್ಯಾಸ್ ಟ್ಯೂಬಿಗೆ ಮಧ್ಯದಲ್ಲಿ ಜಾಯಿಂಟ್ ಕೊಟ್ಟು, ಕ್ಲಿಪ್ ಹಾಕದೆ, ಗೋಡೆ ತೂತಿನಲ್ಲಿ ಸುಮ್ನೆ ತುರುಕಿದ್ದ. ಬಿಸಿನೀರಿನ ಲೈನಿಗೆ ಬಿಸಿ ತಡೆಯುವ ಸಿಪಿವಿಸಿ ಪೈಪ್ ಅಂತ ಬಿಲ್ ಮಾಡಿ ತಣ್ಣೀರಿನ ಬಿಳಿ ಯುಪಿವಿಸಿ ಹಾಕಿದ್ದ, ಅದು ಬಿಸಿಗೆ ಮೆತ್ತಗಾಗಿ ಬಿಲ್ಲಿನ ಹಾಗೆ ಬಾಗಿತ್ತು. ಪೈಪ್ ತಿರುಗುವ ಕಡೆ ಜೋಡಿಸುವ ಒಂದು ಎಲ್ಬೋ ಕೈಯಲ್ಲಿ ತಿರುಗಿಸಿದರೆ ಕಳಚಿ ಬಂತು, ಅಂಟಿಸುವ ಸೊಲ್ಯೂಷನ್ ಒಂದೇ ಬದಿಗೆ ಹಚ್ಚಿದ್ದ.

ಆ ಪ್ಲಂಬರ್‌ಗೆ ಫೋನ್ ಮಾಡಿದೆ. ಜಗಳಕ್ಕಲ್ಲ, ಹಾಕಿದ ಬೇರೆ ಮನೆಗಳಿಗೆ ಹೋಗಿ ಸರಿ ಮಾಡು ಅಂತ ಹೇಳೋಕೆ. "ಎಲ್ಲ ಮನೇಲೂ ಹೀಗೇ ಹಾಕಿರೋದು ಸಾರ್. ಬೇಕಾದ್ರೆ ಒಂದು ಎಕ್ಸಾಸ್ಟ್ ಫ್ಯಾನ್ ಹಾಕ್ಕೊಳ್ಳಿ" ಅಂದ. ಕರೆಂಟ್ ಇಲ್ಲ ಅಂತಲೇ ಅಲ್ವಾ ನಾವು ಗ್ಯಾಸ್ ಗೀಸರ್ ಹಾಕಿಸಿದ್ದು? ಕರೆಂಟ್ ಹೋದ ದಿನ ಆ ಫ್ಯಾನ್ ತಿರುಗೋದು ಹೇಗೆ?

ಈಗ ಗೀಸರ್ ಹಿಂದಿನ ಜಗಲಿಗೆ ಬಂದಿದೆ. ಒಂದು ಬದಿ ಪೂರ್ತಿ ತೆರೆದ ಜಾಗ, ಎರಚಲು ಹೊಡೆಯದ ಮೂಲೆ. ಸಿಲಿಂಡರ್ ಪಕ್ಕದಲ್ಲಿ ನೆಟ್ಟಗೆ ನಿಂತಿದೆ, ಟ್ಯೂಬ್ ಹೊಸ ಸುರಕ್ಷಾ ಟ್ಯೂಬ್, ಜಾಯಿಂಟ್ ಇಲ್ಲ. ಬಚ್ಚಲಿಗೆ ಬರೋದು ಬಿಸಿನೀರಿನ ಪೈಪ್ ಮಾತ್ರ, ಹನ್ನೆರಡು ಅಡಿ ಸಿಪಿವಿಸಿ, ಮೇಲೆ ಕಪ್ಪು ಫೋಮ್ ಸುತ್ತಿದೆ. ಮೊದಲು ಸ್ವಲ್ಪ ನೀರು ತಣ್ಣಗೆ ಬರುತ್ತೆ. ಪ್ಲಂಬರ್ ಹೆದರಿಸಿದ್ದ ನಷ್ಟ ಇಷ್ಟೇ. ಟೈಲ್ಸ್ ಮುಚ್ಚುವ ಮೊದಲು ಲೈನ್ ತುಂಬಿಸಿ ಒಂದು ಇಡೀ ದಿನ ಹಾಗೇ ಬಿಟ್ಟು ನೋಡಿದೆವು. ಸೋರಲಿಲ್ಲ ಅಂತ ಆದಮೇಲೆ ಬಾಕಿ ದುಡ್ಡು ಕೊಟ್ಟೆ. ಟಾರ್ಪಾಲ್ ಕಿತ್ತು ಹಾಕಿದ್ದೇನೆ, ಎರಚಲು ಬಂದರೆ ಬರಲಿ.

ನಿಮ್ಮಲ್ಲಿ ಇವತ್ತೇ ಬದಲಾಯಿಸೋಕೆ ಆಗದಿದ್ದರೆ, ಅಲ್ಲಿಯವರೆಗೆ ಬಾಗಿಲು ತೆರೆದಿಟ್ಟು ಬಕೆಟ್ ತುಂಬಿಸಿ, ಗೀಸರ್ ಪೂರ್ತಿ ಆರಿಸಿ, ಸ್ವಲ್ಪ ಗಾಳಿ ಆಡಿದಮೇಲೆ ಒಳಗೆ ಹೋಗಿ. ಒಬ್ಬರ ಹಿಂದೆ ಒಬ್ಬರು ಬೇಡ. ಒಳಗಿಂದ ಚಿಲಕ ಹಾಕಬೇಡಿ. ಹೋಂಸ್ಟೇ ನಡೆಸುವವರಿಗೆ ವಿಶೇಷವಾಗಿ ಹೇಳುತ್ತೇನೆ, ಬರುವವರಿಗೆ ಈ ವಿಷಯ ಏನೂ ಗೊತ್ತಿರಲ್ಲ, ಚಳಿಗೆ ಕಿಟಕಿ ಎಲ್ಲ ಮುಚ್ಚಿಕೊಂಡು ಅರ್ಧ ಗಂಟೆ ಸ್ನಾನ ಮಾಡುತ್ತಾರೆ. ಮಲಗುವ ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆ ಇಟ್ಟು ಬಾಗಿಲು ಹಾಕಿಕೊಳ್ಳೋದೂ ಇದೇ ವಿಷ.

ಆ ಮೂರು ಮನೆಗೂ ಹೋಗಿ ಬಂದೆ. ಇಬ್ಬರು ಕೂಡಲೇ ಹೊರಗೆ ಹಾಕಿಸಿಕೊಂಡರು. ಮೂರನೆಯವರ ಮನೆಯಲ್ಲಿ ಆರು ತಿಂಗಳ ಮಗು ಇದೆ. "ಮಳೆ ಮುಗೀಲಿ, ನೋಡೋಣ" ಅಂದಿದ್ದಾರೆ. ನಾಳೆ ಬೆಳಗ್ಗೆ ಅಮ್ಮನನ್ನೂ ಕರೆದುಕೊಂಡು ಮತ್ತೆ ಹೋಗುತ್ತೇನೆ.