ಅಲಾಸ್ಕನ್ ಅಂಬರ್: ಕಾಸರಗೋಡಿನ ಸೆಕೆಗೆ ಒಗ್ಗುತ್ತದೆಯೇ?

ಕೇರಳ ಸರಕಾರದ ಮದ್ಯದಂಗಡಿ ಬೆವ್ಕೋದ ಸಾಲಿನಲ್ಲಿ ನಿಂತರೆ ಸಿಗುವ ಬಿಯರ್ ಇದಲ್ಲ. ಅಮೆರಿಕದಿಂದ ರಜೆಗೆ ಬರುವವರ ಪೆಟ್ಟಿಗೆಯಲ್ಲಿ, ಬಟ್ಟೆಗಳ ನಡುವೆ ಮಲಗಿ ಕುಂಬಳೆಗೋ ಬದಿಯಡ್ಕಕ್ಕೋ ತಲುಪಬೇಕಾದ ಸರಕು. ತರಿಸುವವರು ಲೆಕ್ಕ ಹಾಕಿಕೊಳ್ಳಿ: ಸುಂಕವಿಲ್ಲದೆ ತರಬಹುದಾದ ಮದ್ಯ 2 ಲೀಟರ್. 355 ಮಿ.ಲೀ. ಸೀಸೆ ಐದಾದರೆ 1,775. ಆರರ ಕಟ್ಟು ಹಾಗೇ ಎತ್ತಿಕೊಂಡು ಬಂದರೆ 2,130, ಮಿತಿ ಮೀರಿತು.

ತಯಾರಾಗುವುದು ಅಲಾಸ್ಕಾದ ಜುನೋ ಊರಿನಲ್ಲಿ, 1986ರಲ್ಲಿ ಶುರುವಾದ ಬ್ರೂವರಿಯಲ್ಲಿ. ಜರ್ಮನಿಯ 'ಆಲ್ಟ್' ಶೈಲಿ: ಸಾಮಾನ್ಯವಾಗಿ ಬೆಚ್ಚಗೆ ಹುದುಗಿಸುವ ಬಿಯರಾದ ಏಲ್‌ನ ಯೀಸ್ಟನ್ನೇ ಬಳಸಿ, ತಂಪಿನಲ್ಲಿ ನಿಧಾನವಾಗಿ ಹುದುಗಿಸುತ್ತಾರೆ. ಹಾಗಾಗಿ ಏಲ್‌ಗಳ ಹಣ್ಣಿನ ವಾಸನೆ ಇದರಲ್ಲಿ ಅಡಗಿ, ಮಾಲ್ಟ್, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ ರುಚಿ, ಮುಂದೆ ಬರುತ್ತದೆ. ಮದ್ಯಾಂಶ ಶೇ. 5.3, ಕಹಿಯ ಅಳತೆ 18 ಐಬಿಯು, ಅಂದರೆ ಕಹಿ ಕಡಿಮೆ. ಇದೇ ವರ್ಗದ ಹೆಸರಾಂತ ಅಮೆರಿಕನ್ ಬಿಯರ್ ಫ್ಯಾಟ್ ಟೈರ್ 2023ರಲ್ಲಿ ಪಾಕ ಬದಲಿಸಿ ಹೊಂಬಣ್ಣಕ್ಕೆ ತಿರುಗಿದೆ. ಹಳೆಯ ರುಚಿಯ ನೆನಪಲ್ಲಿ ಅದನ್ನು ತರಿಸಿದರೆ ನಿರಾಸೆಯೇ.

ನಮ್ಮಲ್ಲಿ ಹೆಚ್ಚಿನವರು ಕೆಡಿಸುವುದು ತಣಿಸುವಲ್ಲಿ. ಫ್ರೀಜರಿನಲ್ಲಿಟ್ಟು ಹಲ್ಲು ಜುಮ್ಮೆನ್ನುವಷ್ಟು ತಣ್ಣಗೆ ಕುಡಿದರೆ ಮಾಮೂಲಿ ಬಿಯರಾದ ಲಾಗರಿಗೂ ಇದಕ್ಕೂ ವ್ಯತ್ಯಾಸ ಗೊತ್ತಾಗದು. ಫ್ರಿಜ್ಜಿನ 4 ಡಿಗ್ರಿಯಿಂದ ತೆಗೆದು ಸ್ವಲ್ಪ ಹೊತ್ತು ಹೊರಗಿಡಿ. 8ರಿಂದ 10 ಡಿಗ್ರಿ ಹದ. ಏಪ್ರಿಲ್ ಸೆಕೆಯಲ್ಲಿ ಇನ್ನೂ ಕಡಿಮೆ ಹೊತ್ತು ಸಾಕು. ಐಸ್ ಅಂತೂ ಬೇಡವೇ ಬೇಡ.

ಎರಡನೇ ಶತ್ರು ತೆಂಗಿನೆಣ್ಣೆ. ಗ್ಲಾಸಿನಲ್ಲಿ ಜಿಡ್ಡಿನ ಅಂಶ ಉಳಿದರೆ ನೊರೆ ಕ್ಷಣದಲ್ಲಿ ಕುಸಿಯುತ್ತದೆ. ಸೋಪು ಹಾಕಿ ತೊಳೆದು, ಸೋಪೂ ಉಳಿಯದಂತೆ ಜಾಲಾಡಿಸಿ, ಕವುಚಿ ಒಣಗಿಸಿ. ಅಡಿಗೆಮನೆಯ ಬಟ್ಟೆಯಲ್ಲಿ ಒರೆಸಿದರೆ ಮತ್ತೆ ಅದೇ ಕತೆ. ಗ್ಲಾಸನ್ನು ಓರೆ ಹಿಡಿದು ಅರ್ಧ, ನೆಟ್ಟಗೆ ಮಾಡಿ ಉಳಿದರ್ಧ ಸುರಿಯಿರಿ. ಎರಡು ಬೆರಳು ನೊರೆ ನಿಲ್ಲಬೇಕು.

ಬಣ್ಣ ತೆಳು ಕಟ್ಟಂಚಾಯದ್ದು, ಹಾಲು ಹಾಕದ ಚಹಾದ್ದು. ಮೊದಲು ಬರುವುದು ಬೇಕರಿಯ ರಸ್ಕಿನ ಪರಿಮಳ, ಹಿಂದೆಯೇ ಬೆಲ್ಲದ ಪಾಕ ಹದಕ್ಕೆ ಬರುವಾಗಿನ ಕಂಪು. ನಾಲಗೆಯಲ್ಲಿ ಸಿಹಿ ಇದೆ, ಅಂಟಿಕೊಳ್ಳುವುದಿಲ್ಲ. ಕೊನೆಯ ಕಹಿ ಮಾತ್ರ ಬೇಗ ಆರಿಹೋಗುತ್ತದೆ. ಇನ್ನೊಂದಿಷ್ಟು ನಿಂತಿದ್ದರೆ ಚೆನ್ನಾಗಿತ್ತು. ಗ್ಲಾಸಿನ ಎರಡನೇ ಅರ್ಧವೇ ಹೆಚ್ಚು ರುಚಿ.

ಒದ್ದೆ ರಟ್ಟಿನ ವಾಸನೆ ಬಂದರೆ ಗಾಳಿಯೂ ಸೆಕೆಯೂ ಸೇರಿ ಹಳಸಿಸಿವೆ. ಕಾರಿನ ಡಿಕ್ಕಿಯಲ್ಲೋ ಅಟ್ಟದಲ್ಲೋ ಇಟ್ಟಿದ್ದಕ್ಕೆ ಈ ಫಲ. ಸುಟ್ಟ ರಬ್ಬರಿನ ನಾತವಾದರೆ ಬಿಸಿಲಿನ ಕೆಲಸ. ಕಂದು ಸೀಸೆಯೂ ಬೆಳಕನ್ನು ಪೂರ್ತಿ ತಡೆಯದು. ಹುಳಿ ಕಳ್ಳಿಗೆ ಶೋಭೆ, ಇದಕ್ಕೆ ದೋಷ. ಸೀಸೆಯ ಮೇಲೆ ತಾರೀಖು ಅಂಕಿಯಲ್ಲಿದ್ದರೆ ಅಮೆರಿಕದ ಕ್ರಮದಲ್ಲಿ ತಿಂಗಳು ಮೊದಲು ಬರುತ್ತದೆ: 04/05 ಎಂದರೆ ಏಪ್ರಿಲ್ 5.

ಜೊತೆಗೆ ಕಾವಲಿಯಲ್ಲಿ ಕೆಂಪಗೆ ಹುರಿದ ಬಂಗುಡೆ ಸೈ. ಅದರ ಕಂದಿದ ಮೇಲ್ಪದರಕ್ಕೂ ಹುರಿದ ಮಾಲ್ಟಿಗೂ ಒಂದೇ ಜಾತಿಯ ರುಚಿ. ತಿಂದ ತುಟಿಯ ಎಣ್ಣೆ ನೊರೆಯನ್ನು ಕೊಲ್ಲುತ್ತದೆ, ಒರೆಸಿಕೊಂಡು ಕುಡಿಯಿರಿ. ಹುಳಿಖಾರದ ಮೀನು ಸಾರು ಪುಳಿಮುಂಚಿಯ ಹುಣಸೆ ಮಾತ್ರ ಈ ಏಲನ್ನು ಸಪ್ಪೆ ಮಾಡಿಬಿಡುತ್ತದೆ. ಉಪ್ಪು ಹಾಕದೆ ಹುರಿದ ಗೇರುಬೀಜದಷ್ಟು ಒಳ್ಳೆಯ ಜೋಡಿ ಬೇರೆ ಇಲ್ಲ.